ಹಿತ್ತಲಿನ ಈಜುಕೊಳದ ಕೆಲಸ ಕೆಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ನಮ್ಮ ಮನೆ ಹಿತ್ತಲಲ್ಲಿ 20 ಅಡಿ ಉದ್ದ, 10 ಅಡಿ ಅಗಲದ ಒಂದು ಕೊಳ ಇದೆ. ನೀರಿನಲ್ಲಿ ನಡೆದಾಡಿದರೆ ಅಪ್ಪನ ಮೊಣಕಾಲಿಗೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದರಿಂದ ಕಟ್ಟಿಸಿದ್ದು. ಮೊದಲ ಸಲ ತುಂಬಿಸಿದಾಗ ದಿನಕ್ಕೆ ಎರಡು ಇಂಚು ನೀರು ಇಳಿಯುತ್ತಿತ್ತು. ಅದನ್ನು ಸರಿಮಾಡಿಸಲು ಏಳು ತಿಂಗಳು ಹಿಡಿಯಿತು. ಅವತ್ತಿನಿಂದ ನೆಂಟರು, ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ, ಕಾಗದ ಬರೆದು ಕೇಳುತ್ತಲೇ ಇದ್ದಾರೆ. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕಾಂಕ್ರೀಟ್ ಕೊಳದ ಬಗ್ಗೆಯೇ ಜಾಸ್ತಿ ಇದೆ. ನಮ್ಮ ಕಡೆ ಹೆಚ್ಚಿನವರು ಕಟ್ಟಿಸುವುದು ಅದನ್ನೇ.

## ಕೆಲಸ ಕೊಡುವ ಮುಂಚೆ

ಕೆಲಸ ಕೆಟ್ಟಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ನಾವೇನು ಎಂಜಿನಿಯರಾ?

ಎಂಜಿನಿಯರ್ ಆಗಬೇಕಿಲ್ಲ. ಕೊಳದ ಕೆಲಸ ಒಂದನ್ನೊಂದು ಮುಚ್ಚುತ್ತಾ ಹೋಗುತ್ತದೆ. ಅಗೆದ ನೆಲವನ್ನು ಬೆಡ್ ಕಾಂಕ್ರೀಟ್, ಅಂದರೆ ಎಲ್ಲಕ್ಕಿಂತ ಕೆಳಗಿನ ತೆಳು ಕಾಂಕ್ರೀಟ್ ಹಾಸು, ಮುಚ್ಚುತ್ತದೆ. ಕಂಬಿಯನ್ನು ಕಾಂಕ್ರೀಟ್, ಕಾಂಕ್ರೀಟನ್ನು ವಾಟರ್‌ಪ್ರೂಫಿಂಗ್, ಅದನ್ನು ಟೈಲ್ಸ್ ಮುಚ್ಚುತ್ತವೆ. ಮುಚ್ಚುವ ಮುಂಚೆ ನೀವು ಕಣ್ಣಾರೆ ನೋಡಿರಬೇಕು, ಫೋಟೋ ತೆಗೆದಿರಬೇಕು. ನಾನು ಬೆಡ್ ಕಾಂಕ್ರೀಟ್ ದಿನ ಇದ್ದೆ, ಟೈಲ್ಸ್ ಹಾಕುವ ದಿನ ಇದ್ದೆ. ನಡುವಿನ ಎರಡು ವಾರ ಒಂದು ಮದುವೆಯ ಓಡಾಟದಲ್ಲಿದ್ದೆ. ಕೆಟ್ಟಿದ್ದು ಆ ಎರಡು ವಾರದ ಕೆಲಸವೇ.

ಎರೆ ಮಣ್ಣಲ್ಲಿ ಪೂಲ್ ನಿಲ್ಲಲ್ಲ ಅಂತಾರೆ, ನಿಜನಾ?

ನಿಲ್ಲುತ್ತದೆ, ಆದರೆ ಕೆಳಗಿನ ಕೆಲಸ ಸರಿ ಇರಬೇಕು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುವುದನ್ನು ನೀವೇ ನೋಡಿರುತ್ತೀರಿ. ಆ ಉಬ್ಬು, ಆ ಕುಗ್ಗು ಎರಡನ್ನೂ ನಿಮ್ಮ ಕೊಳದ ತಳ ತಡೆದುಕೊಳ್ಳಬೇಕು. ನಮ್ಮ ಅಳತೆಯ ಕೊಳ ಸರಾಸರಿ ನಾಲ್ಕು ಅಡಿ ಆಳ ಇದ್ದರೆ ನೀರಿನ ಭಾರವೇ 22 ಟನ್ ಮೇಲೆ. ಹಾಗಾಗಿ ತಳದ ಎರೆ ಮಣ್ಣು ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿಸಬೇಕು. ಎಷ್ಟು ಆಳ ತೆಗೆಯಬೇಕು ಅನ್ನೋದನ್ನು ಮಣ್ಣು ನೋಡಿ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಜೆಸಿಬಿಯವನ ಅಂದಾಜಿಗೆ ಬಿಡಬೇಡಿ. ಅಗೆದ ಎರೆ ಮಣ್ಣನ್ನೇ ಗೋಡೆಯ ಹಿಂದೆ ವಾಪಸ್ ತುಂಬುವುದು ಎಲ್ಲ ಕಡೆ ಕಾಣುವ ತಪ್ಪು. ಮಣ್ಣು ಸಾಗಿಸುವ ಖರ್ಚು ಉಳಿಸಲು ಹಾಗೆ ಮಾಡುತ್ತಾರೆ. ಮುಂದೆ ಮಳೆಗೆ ಅದೇ ಮಣ್ಣು ಉಬ್ಬಿ ಗೋಡೆಯನ್ನು ಒಳಕ್ಕೆ ದೂಡುತ್ತದೆ.

ನಮ್ಮದು ಚಿತ್ರದುರ್ಗ, ಕೆಳಗೆ ಬಂಡೆ ಇದೆ. "ಬಂಡೆ ಮೇಲೆ ಏನೂ ಆಗಲ್ಲ ಸಾರ್" ಅಂತಾರೆ ಕಾಂಟ್ರಾಕ್ಟರ್. ನಂಬಬಹುದಾ?

ಅರ್ಧ ನಂಬಿ. ಕೋಟೆಯ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಬಂಡೆಗಳ ನಡುವೆಯೇ ನೀರು ಹಿಡಿದುಕೊಂಡು ಬಂದಿವೆ. ಆದರೆ ಮನೆ ಸೈಟಿನಲ್ಲಿ ಬಂಡೆ ಒಂದೇ ಸಮ ಇರುವುದಿಲ್ಲ. ಕೊಳದ ಒಂದು ತುದಿ ಬಂಡೆ ಮೇಲೆ, ಇನ್ನೊಂದು ತುದಿ ತುಂಬಿದ ಮಣ್ಣಿನ ಮೇಲೆ ಕೂತರೆ ಮಣ್ಣಿನ ಕಡೆ ಕುಸಿಯುತ್ತದೆ, ಬಂಡೆಯ ಕಡೆ ಅಲ್ಲಾಡುವುದಿಲ್ಲ. ಬಿರುಕು ಸರಿಯಾಗಿ ಆ ಗೆರೆಯ ಮೇಲೇ ಬರುತ್ತದೆ. ಅಗೆದ ಮೇಲೆ ತಳ ಪೂರ್ತಿ ಬಂಡೆಯಾ, ಅರ್ಧ ಬಂಡೆಯಾ ಎಂದು ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ.

ಸಂಪ್ ಕಟ್ಟೋ ನಮ್ಮ ಮೇಸ್ತ್ರಿನೇ ಪೂಲ್ ಕಟ್ಟಿಕೊಡ್ತೀನಿ ಅಂತಾರೆ. ಕೊಡಬಹುದಾ?

ಒಳ್ಳೆಯ ಮೇಸ್ತ್ರಿ ಆದರೆ ಕಾಂಕ್ರೀಟ್ ಕೆಲಸ ಕೊಡಬಹುದು. ಡ್ರಾಯಿಂಗ್ ಮಾತ್ರ ಎಂಜಿನಿಯರ್‌ದೇ ಇರಲಿ. ಇಟ್ಟಿಗೆ ಕಟ್ಟಿ ಗಿಲಾವು ಮಾಡಿದ ಸಂಪ್ ಸ್ವಲ್ಪ ಜಿನುಗಿದರೂ ನಡೆದುಹೋಗುತ್ತದೆ. ಅದೇ ರೂಢಿ ಕೊಳಕ್ಕೆ ತಂದರೆ ಆಗುವುದಿಲ್ಲ. ಪೈಪು, ಫಿಲ್ಟರ್, ಲೈಟಿನ ಕೆಲಸ ಪೂಲ್ ಮಾಡಿ ಗೊತ್ತಿರುವವರಿಗೇ ಕೊಡಿ. ಅವರು ಹಿಂದೆ ಮಾಡಿದ, ಕನಿಷ್ಠ ಎರಡು ಮಳೆಗಾಲ ಕಂಡ ಒಂದು ಕೊಳವನ್ನು ಹೋಗಿ ನೋಡಿ. ಆ ಮನೆಯವರ ಜೊತೆ ಕಾಂಟ್ರಾಕ್ಟರ್ ಇಲ್ಲದಾಗ ಮಾತಾಡಿ.

ಪರಿಚಯದವರು ಅಂತ ಬಾಯಿ ಮಾತಲ್ಲೇ ಕೆಲಸ ಕೊಟ್ಟುಬಿಟ್ಟೆ. ಈಗ ಬರೆಸಿಕೊಳ್ಳೋಕೆ ತಡ ಆಯ್ತಾ?

ತಡ ಆಗಿಲ್ಲ. ಇವತ್ತೇ ಒಂದು ಮೆಸೇಜ್ ಹಾಕಿ: "ಅಣ್ಣಾ, ನಾವು ಮಾತಾಡಿದ್ದು ಇಷ್ಟು. ಅಳತೆ ಇಷ್ಟು, ಒಟ್ಟು ಹಣ ಇಷ್ಟು, ಇಲ್ಲಿವರೆಗೆ ಕೊಟ್ಟಿದ್ದು ಇಷ್ಟು, ಮುಗಿಸೋದು ಇಂಥ ತಿಂಗಳು. ತಪ್ಪಿದ್ರೆ ಹೇಳಿ." ಅವರು "ಸರಿ" ಅಂದರೂ ಅದೊಂದು ದಾಖಲೆ. ಮುಂದಿನ ಹಣವನ್ನು ನಗದಾಗಿ ಕೊಡಬೇಡಿ. ಬ್ಯಾಂಕ್ ಮೂಲಕ ಕೊಡಿ, ಬಿಲ್ ಕೇಳಿ.

ಇನ್ನೂ ಶುರು ಮಾಡದವರು ಸ್ಟಾಂಪ್ ಪೇಪರ್ ಮೇಲೆ ಕರಾರು ಮಾಡಿಕೊಳ್ಳಿ. ಹಣವನ್ನು ಹಂತಕ್ಕೆ ಕಟ್ಟಿಹಾಕಿ. ಪ್ರತಿ ಹಂತ ಮುಗಿದು, ನೀವು ನೋಡಿ ಒಪ್ಪಿದ ಮೇಲೆ ಅದರ ಹಣ. ಕೊನೆಯ ಶೇಕಡಾ 10ರಷ್ಟನ್ನು ಒಂದು ವರ್ಷ ತಡೆಹಿಡಿಯುವ ಮಾತು ಕರಾರಿನಲ್ಲೇ ಇರಲಿ. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿದರೆ ಕೊಳದ ಗುಣ ಗೊತ್ತಾಗುತ್ತದೆ.

## ಕೆಲಸ ನಡೆಯುವಾಗ

ಕಾಂಕ್ರೀಟ್ ಹಾಕೋ ದಿನ ನಾನು ನಿಂತು ಏನು ನೋಡಬೇಕು?

ಇಡೀ ಕೆಲಸದಲ್ಲಿ ಒಂದೇ ದಿನ ರಜೆ ಹಾಕಲು ಸಾಧ್ಯ ಅಂದರೆ ಅದು ಈ ದಿನ ಆಗಲಿ.

ಹಿಂದಿನ ದಿನ ಸಂಜೆಯೇ ಕಂಬಿ ನೋಡಿ. ಡ್ರಾಯಿಂಗ್‌ನಲ್ಲಿ ಇರುವಷ್ಟೇ ದಪ್ಪ, ಅಷ್ಟೇ ಅಂತರ ಇದೆಯಾ ಎಂದು ಟೇಪ್ ಹಿಡಿದು ಅಳೆಯಿರಿ. ಕಂಬಿಯ ಕೆಳಗೆ, ಪಕ್ಕದಲ್ಲಿ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ನೆಲ, ಹಲಗೆಯಿಂದ ದೂರ ಹಿಡಿಯುವ ಸಣ್ಣ ಬಿಲ್ಲೆ, ಇರಬೇಕು. ನೀರು ತುಂಬುವ ಕಟ್ಟಡದಲ್ಲಿ ಕಂಬಿಯ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಇರುವಂತೆ ನೋಡಿಕೊಳ್ಳುತ್ತಾರೆ. ಕವರ್ ಬ್ಲಾಕ್ ಬದಲು ಜಲ್ಲಿ ಕಲ್ಲು ಸಿಕ್ಕಿಸಿದ್ದರೆ ತೆಗೆಸಿ. ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ಆಮೇಲೆ ತಳ ಮತ್ತು ಗೋಡೆ ಸೇರುವ ಜಾಗ. ತಳದ ಕಾಂಕ್ರೀಟ್ ಒಂದು ದಿನ, ಗೋಡೆಯದ್ದು ಇನ್ನೊಂದು ದಿನ ಹಾಕುತ್ತಾರೆ. ಹಳೆಯದು ಹೊಸದು ಸೇರುವ ಆ ಗೆರೆಯಲ್ಲಿ ವಾಟರ್‌ಸ್ಟಾಪ್ ಪಟ್ಟಿ ಇರಬೇಕು. ಪಿವಿಸಿಯ ಅಗಲ ಪಟ್ಟಿ, ಅರ್ಧ ತಳದಲ್ಲಿ ಹೂತು ಅರ್ಧ ಮೇಲೆ ನಿಂತಿರುತ್ತದೆ. ನಮ್ಮ ಕೊಳದಲ್ಲಿ ಅದನ್ನು ಹಾಕಿಯೇ ಇರಲಿಲ್ಲ. ಬಿಲ್‌ನಲ್ಲಿ ಇತ್ತು, ಗೋಡೆಯಲ್ಲಿ ಇರಲಿಲ್ಲ. ಫೋಟೋ ಇದ್ದಿದ್ದರೆ ಏಳು ತಿಂಗಳ ಜಗಳ ಏಳು ದಿನಕ್ಕೆ ಮುಗಿಯುತ್ತಿತ್ತು.

ಕಾಂಕ್ರೀಟ್ ದಿನ ನೋಡಬೇಕಾದ್ದು ನೀರು. ನೀರು ತುಂಬುವ ಕಟ್ಟಡಗಳ ಮಾನದಂಡ ಐಎಸ್ 3370. ಅದರ ಪ್ರಕಾರ ಕಂಬಿ ಹಾಕಿದ ಕಾಂಕ್ರೀಟ್ ಕನಿಷ್ಠ ಎಂ30 ಇರಬೇಕು, ಇದು ಕಾಂಕ್ರೀಟಿನ ಬಲದ ದರ್ಜೆ. ಎಂ30 ಅಂತ ತರಿಸಿದ ಕಾಂಕ್ರೀಟಿಗೆ "ಗಟ್ಟಿ ಇದೆ, ಇಳೀತಿಲ್ಲ" ಎಂದು ಪೈಪ್ ಹಿಡಿದು ನೀರು ಬಿಟ್ಟರೆ ಅದು ಎಂ30 ಆಗಿ ಉಳಿಯುವುದಿಲ್ಲ. ಕಾಂಕ್ರೀಟನ್ನು ಅದುರಿಸಿ ಪೊಳ್ಳಿಲ್ಲದಂತೆ ಕೂರಿಸುವ ವೈಬ್ರೇಟರ್ ಎರಡು ಇರಲಿ, ಒಂದು ಕೆಟ್ಟರೆ ಇನ್ನೊಂದು. 150 ಮಿಲಿಮೀಟರ್‌ನ ಕ್ಯೂಬ್‌ಗಳಲ್ಲಿ ಅದೇ ಕಾಂಕ್ರೀಟ್ ತುಂಬಿಸಿ ಇಡಿ. 28 ದಿನದ ಮೇಲೆ ಲ್ಯಾಬಿನಲ್ಲಿ ಒಡೆದು ಬಲ ನೋಡುತ್ತಾರೆ.

ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ತೇವವಾಗಿ ಇಡುವುದರ ಬಗ್ಗೆ ಒಂದು ಮಾತು. ಈಗ ಸಾಮಾನ್ಯವಾಗಿ ಸಿಗುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನ) ಸಿಮೆಂಟಿಗೆ ಕನಿಷ್ಠ 10 ದಿನ ನೀರು ಬೇಕು, 14 ದಿನ ಆದರೆ ಒಳ್ಳೆಯದು. ನಮ್ಮ ಊರಿನ ಮಾರ್ಚ್ ಬಿಸಿಲಿಗೆ ಬೆಳಿಗ್ಗೆ ಒಂದು ಸಲ ಪೈಪ್ ಹಿಡಿದರೆ ಹತ್ತು ಗಂಟೆಗೆ ಒಣಗಿರುತ್ತದೆ. ಗೋಣಿ ಚೀಲ ಹೊದಿಸಿ ತೇವ ಹಿಡಿಸಿ.

ಸೆಂಟ್ರಿಂಗ್ ಬಿಚ್ಚಿದಾಗ ಗೋಡೆಯಲ್ಲಿ ಜೇನುಗೂಡಿನ ಥರ ತೂತು ಇತ್ತು. ಸಿಮೆಂಟ್ ಮೆತ್ತಿಬಿಟ್ರು. ಸಾಕಾ?

ಸಾಲದು. ಮೇಲೆ ಮೆತ್ತಿದ ಸಿಮೆಂಟ್ ಒಳಗಿನ ಪೊಳ್ಳನ್ನು ಮುಚ್ಚುತ್ತದೆ, ತುಂಬುವುದಿಲ್ಲ. ಸಡಿಲ ಜಲ್ಲಿಯನ್ನೆಲ್ಲ ಕೆತ್ತಿ ತೆಗೆದು, ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಹೋಗಿ, ಕುಗ್ಗದ ಗ್ರೌಟ್ (ಪೊಳ್ಳು, ಸಂದಿ ತುಂಬುವ ಗಾರೆ) ತುಂಬಬೇಕು. ಕಂಬಿ ಕಾಣುತ್ತಿದ್ದರೆ ಅಥವಾ ಗೋಡೆಯ ಆಚೆವರೆಗೂ ಪೊಳ್ಳಿದ್ದರೆ ಎಂಜಿನಿಯರ್ ನೋಡುವವರೆಗೆ ಯಾರೂ ಮುಟ್ಟಬಾರದು. ಈಗಾಗಲೇ ಮೆತ್ತಿದ್ದರೆ ಆ ಜಾಗ ಕೆತ್ತಿಸಿ ನೋಡಿ. ಕೇಳುವುದು ನಿಮ್ಮ ಹಕ್ಕು.

ಪೈಪ್ ಟೆಸ್ಟ್ ಮಾಡದೇ ಮಣ್ಣು ಮುಚ್ಚಿದ್ದಾರೆ. ಈಗ ಟೆಸ್ಟ್ ಮಾಡೋಕಾಗುತ್ತಾ?

ಆಗುತ್ತದೆ. ಎರಡೂ ತುದಿ ಬಂದ್ ಮಾಡಿ, ಕೈಪಂಪಿನಲ್ಲಿ ನೀರಿನ ಒತ್ತಡ ಕೊಟ್ಟು, ಗೇಜ್ ಮುಳ್ಳು ಇಳಿಯುತ್ತದಾ ಎಂದು ನೋಡುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಜಾಯಿಂಟ್ ಬಿಟ್ಟಿದೆ. ಮಣ್ಣು ಈಗ ಅಗೆಯುವುದು ಅರ್ಧ ದಿನದ ಕೆಲಸ. ಮೇಲೆ ಕಲ್ಲು ಹಾಸಿದ ಮೇಲೆ ಅಗೆಯುವುದು ಬೇರೆಯದೇ ಲೆಕ್ಕ.

ಟೈಲ್ಸ್ ಹಾಕೋ ಮುಂಚೆ ನೀರು ತುಂಬಿ ನೋಡಬೇಕಾ? ಅಷ್ಟು ನೀರು ವೇಸ್ಟ್ ಅಲ್ವಾ?

ಬೇಕೇ ಬೇಕು. ನೆಲದೊಳಗಿನ ತೊಟ್ಟಿಗಳಿಗೆ ಐಎಸ್ 3370 ಹೇಳುವ ಕ್ರಮ ಹೀಗಿದೆ. ನೀರು ತುಂಬಿ ಮೊದಲ 7 ದಿನ ಸುಮ್ನೆ ಬಿಡಬೇಕು. ಕಾಂಕ್ರೀಟ್ ಅಷ್ಟೊತ್ತಿಗೆ ಕುಡಿಯುವ ನೀರನ್ನು ಕುಡಿದಿರುತ್ತದೆ. ಆಮೇಲಿನ 7 ದಿನ ದಿನಕ್ಕೊಂದು ಸಲ ಮಟ್ಟ ಬರೆದುಕೊಳ್ಳಬೇಕು. ಮೇಲೆ ಮುಚ್ಚಿದ ತೊಟ್ಟಿಯಾದರೆ ಆ 7 ದಿನದ ಒಟ್ಟು ಇಳಿತ ಮಾನದಂಡದ ಮಿತಿಯೊಳಗೆ ಇದ್ದರೆ ಸೋರುತ್ತಿಲ್ಲ ಎಂದು ಲೆಕ್ಕ. ತೆರೆದ ಕೊಳದಲ್ಲಿ ಆವಿಯಾದ ನೀರನ್ನು ಬೇರೆಯಾಗಿ ಅಳೆಯಬೇಕು. ಅದಕ್ಕೆ ಬಕೆಟ್ ಸಾಕು, ಮುಂದೆ ಹೇಳಿದ್ದೇನೆ.

ನೀರಿನ ಚಿಂತೆ ಸರಿಯಾದದ್ದೇ. ಬೇಸಿಗೆಯಲ್ಲಿ ಬೋರ್ ಬತ್ತುವ ಊರಿನಲ್ಲಿ 22,000 ಲೀಟರ್ ಸಣ್ಣದಲ್ಲ. ಆದರೆ ಈ ನೀರಿಗೆ ಕ್ಲೋರಿನ್ ಹಾಕಿರುವುದಿಲ್ಲ. ರಿಪೇರಿ ಆದ ಮೇಲೆ ನಾವು ಎರಡನೇ ಸಲ ಪರೀಕ್ಷೆ ಮಾಡಿದಾಗ ಆ ನೀರನ್ನು ಪಕ್ಕದ ಮನೆಯವರ ತೆಂಗು, ಅಡಿಕೆ ಗಿಡಗಳಿಗೆ ಬಿಟ್ಟೆವು. ಪರೀಕ್ಷೆ ಮಾಡದೇ ಇದ್ದಿದ್ದರೆ ಎಷ್ಟು ಹೋಗುತ್ತಿತ್ತು ಎಂದು ನೋಡಿ: ನಮ್ಮ ಅಳತೆಯ ಕೊಳದಲ್ಲಿ ಒಂದು ಇಂಚು ಅಂದರೆ ಸುಮಾರು 470 ಲೀಟರ್. ದಿನಕ್ಕೆ ಎರಡು ಇಂಚು ಸೋರಿದರೆ 940 ಲೀಟರ್. ಒಂದು ತಿಂಗಳಿಗೆ ಇಡೀ ಕೊಳವೇ ನೆಲಕ್ಕೆ ಹೋದ ಹಾಗೆ.

ಕೆಲಸ ನಿಲ್ಲಿಸಿ ಅಂದ್ರೆ ಮೇಸ್ತ್ರಿ ಸಿಟ್ಟಾಗ್ತಾರೆ. ಹೇಗೆ ಹೇಳೋದು?

ಕೆಲಸಗಾರರ ಎದುರು ಹೇಳಬೇಡಿ. ಟೀ ಹೊತ್ತಿಗೆ ಪಕ್ಕಕ್ಕೆ ಕರೆದು ಹೇಳಿ. ನಮ್ಮಲ್ಲಿ ಎರಡನೇ ಸಲ ನಡೆದ ಮಾತು ಇದು:

"ಮೇಸ್ತ್ರಿ, ನಾಳೆ ಟೈಲ್ಸ್ ಬೇಡ. ನೀರು ನಿಲ್ಲಿಸಿ ನೋಡೋಣ."

"ಏನ್ರಿ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ ಮೇಸ್ತ್ರಿ. ಟೈಲ್ಸ್ ಆದಮೇಲೆ ಸೋರಿದ್ರೆ ಒಡೆಯೋರು ನೀವೇ ಅಲ್ವಾ? ಈಗಾದ್ರೆ ಒಂದು ಕಡೆ ಕೆತ್ತಿದ್ರೆ ಸಾಕು."

ಅವರು ಒಪ್ಪಿದರು. ಸಿಟ್ಟಿನ ಹಿಂದೆ ಹೆಚ್ಚಾಗಿ ಕೂಲಿಯ ಚಿಂತೆ ಇರುತ್ತದೆ. ಎರಡು ವಾರ ಆಳುಗಳನ್ನು ಎಲ್ಲಿ ಕಳಿಸಲಿ ಎಂಬ ಕಷ್ಟ ಅವರದ್ದು. ಪರೀಕ್ಷೆಯ ದಿನಗಳನ್ನು ಮೊದಲೇ ಕರಾರಿನಲ್ಲಿ ಬರೆದಿದ್ದರೆ ಅವರು ಬೇರೆ ಕೆಲಸ ನೋಡಿಕೊಂಡಿರುತ್ತಾರೆ. ಅದೇ ಸಂಜೆ ಮಾತಾಡಿದ್ದನ್ನು ಮೆಸೇಜಿನಲ್ಲೂ ಹಾಕಿಡಿ.

## ನೀರು ತುಂಬಿದ ಮೇಲೆ

ದಿನಾ ನೀರು ಇಳೀತಿದೆ. ಕೇಳಿದ್ರೆ "ಬಿಸಿಲಿಗೆ ಆವಿ ಆಗುತ್ತೆ" ಅಂತಾರೆ. ಹೇಗೆ ತೋರಿಸೋದು?

ಬಕೆಟ್ ಇಟ್ಟು ತೋರಿಸಿ. ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ಇಡಿ, ಅರ್ಧಕ್ಕಿಂತ ಜಾಸ್ತಿ ನೀರಿನಲ್ಲಿ ಮುಳುಗಿರಲಿ. ಬಕೆಟ್ ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಆಗುವಂತೆ ತುಂಬಿಸಿ ಎರಡು ಗುರುತು ಹಾಕಿ. 24 ಗಂಟೆ ಯಾರೂ ಇಳಿಯಬಾರದು, ನೀರು ಬಿಡಬಾರದು. ಬಿಸಿಲು ಎರಡಕ್ಕೂ ಒಂದೇ. ಬಕೆಟ್ಟಿನಲ್ಲಿ ಇಳಿದಷ್ಟು ಆವಿ. ಕೊಳದಲ್ಲಿ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಆ ಹೆಚ್ಚಿನದ್ದು ಸೋರಿಕೆ.

ಒಂದು ದಿನ ಪಂಪ್ ಓಡಿಸಿ, ಇನ್ನೊಂದು ದಿನ ಪಂಪ್ ನಿಲ್ಲಿಸಿ ಇದನ್ನೇ ಮಾಡಿ. ಪಂಪ್ ಓಡುವಾಗ ಮಾತ್ರ ಜಾಸ್ತಿ ಹೋದರೆ ಪೈಪ್ ಕಡೆ ನೋಡಿ. ಎರಡೂ ದಿನ ಒಂದೇ ಆದರೆ ಕೊಳದ ಗೋಡೆ, ತಳದ ಮೇಲೆ ಅನುಮಾನ ಜಾಸ್ತಿ. ನೀರು ಒಂದು ಮಟ್ಟಕ್ಕೆ ಇಳಿದು ನಿಂತುಬಿಟ್ಟರೆ ಆ ಮಟ್ಟದಲ್ಲೇ ಹುಡುಕಿ, ಹೆಚ್ಚಾಗಿ ಲೈಟ್ ಅಥವಾ ಪೈಪ್ ಗೋಡೆ ದಾಟುವ ಜಾಗ. ನಮ್ಮ ಕಾಂಟ್ರಾಕ್ಟರ್ ಬಕೆಟ್ ನೋಡಿದ ದಿನವೇ ಆವಿಯ ಮಾತು ನಿಲ್ಲಿಸಿದರು. ಇಡೀ ಪರೀಕ್ಷೆಯನ್ನು ಗಡಿಯಾರದ ಜೊತೆ ವಿಡಿಯೋ ಮಾಡಿಟ್ಟುಕೊಳ್ಳಿ.

ಬಿರುಕು ಬಂದಿದೆ. ಎಲ್ಲಾ ಬಿರುಕೂ ಅಪಾಯನಾ?

ಇಲ್ಲ. ಗಿಲಾವಿನ ಮೇಲಿನ ಕೂದಲೆಳೆ ಬಿರುಕು ಬೇರೆ, ಗೋಡೆ ಸೀಳಿದ ಬಿರುಕು ಬೇರೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ನೀರಿಲ್ಲದ ಭಾಗದಲ್ಲಿ ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ತುಂಡು ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲ್ಲಾಡುತ್ತಿದೆ. ಆಗ ಎಂಜಿನಿಯರ್ ಕರೆಸಿ. ಬಿರುಕಿನಲ್ಲಿ ಕಂದು ಬಣ್ಣ ಇಳಿಯುತ್ತಿದ್ದರೆ ನೀರು ಕಂಬಿ ಮುಟ್ಟಿದೆ, ಕಾಯಬೇಡಿ.

ಟೈಲ್ಸ್ ಬಡಿದ್ರೆ ಡಬ್ ಡಬ್ ಅನ್ನುತ್ತೆ. ಆರು ತಿಂಗಳೂ ಆಗಿಲ್ಲ.

ಹಿಂದೆ ಪೊಳ್ಳಿದೆ. ಟೈಲ್ಸಿನ ನಾಲ್ಕು ಮೂಲೆಗೆ ಮಾತ್ರ ಗಾರೆ ಇಟ್ಟು ಒತ್ತಿದರೆ ಹೀಗಾಗುತ್ತದೆ. ಕೊಳಕ್ಕೆ ಪೂರ್ತಿ ಮೈ ಅಂಟುವ ಟೈಲ್ ಅಂಟು, ಸಂದಿಗೆ ಎಪಾಕ್ಸಿ ಗ್ರೌಟ್ ಬೇಕು. ಬಿಳಿ ಸಿಮೆಂಟ್ ತುಂಬಿದ ಸಂದಿ ಪೂಲಿನ ನೀರಿಗೆ ಸವೆದುಹೋಗುತ್ತದೆ. ಪೊಳ್ಳು ಟೈಲ್ಸಿಗೆಲ್ಲ ಬಳಪದಲ್ಲಿ ಗುರುತು ಹಾಕಿ, ಎಣಿಸಿ, ಫೋಟೋ ತೆಗೆಯಿರಿ. ಅಲ್ಲೊಂದು ಇಲ್ಲೊಂದು ಇದ್ದರೆ ಅಷ್ಟನ್ನೇ ಬದಲಿಸಬಹುದು.

ರಿಪೇರಿಗೆ ಕೊಳ ಖಾಲಿ ಮಾಡಿಸಬೇಕು. ಮಳೆಗಾಲದಲ್ಲಿ ಮಾಡಿದ್ರೆ ತೊಂದರೆನಾ?

ದೊಡ್ಡ ತೊಂದರೆ ಆಗಬಹುದು. ಕೊಳದಲ್ಲಿ ನೀರಿದ್ದಾಗ ಅದರ ಭಾರ ಕೆಳಗಿನ ನೀರನ್ನು ಒತ್ತಿ ಹಿಡಿದಿರುತ್ತದೆ. ಖಾಲಿ ಮಾಡಿದಾಗ ನೆಲದ ನೀರು ಮೇಲಿದ್ದರೆ ಇಡೀ ಕೊಳ ದೋಣಿಯ ಹಾಗೆ ಮೇಲೆದ್ದುಬಿಡಬಹುದು. ಆಮೇಲೆ ಅದನ್ನು ಕೂರಿಸಲು ಆಗುವುದಿಲ್ಲ. ಫೈಬರ್ ಕೊಳಗಳಿಗೆ ಈ ಅಪಾಯ ಇನ್ನೂ ಜಾಸ್ತಿ. ಭದ್ರಾ ನಾಲೆಯ ಗದ್ದೆಗಳ ಪಕ್ಕ ಮನೆ ಇರುವವರು ನಾಲೆಯಲ್ಲಿ ನೀರು ಇರುವಾಗಲೂ ಹುಷಾರಾಗಿರಬೇಕು. ಪಕ್ಕದಲ್ಲಿ ಒಂದು ಗುಂಡಿ ತೋಡಿ ನೀರು ಎಷ್ಟು ಆಳದಲ್ಲಿದೆ ನೋಡಿ. ಕೊಳದ ತಳಕ್ಕಿಂತ ಮೇಲಿದ್ದರೆ ಖಾಲಿ ಮಾಡಬೇಡಿ.

ನೀರಿಗೆ ಕೈ ಹಾಕಿದ್ರೆ ಜುಮ್ ಅನ್ನುತ್ತೆ. ಅರ್ಥಿಂಗ್ ಪ್ರಾಬ್ಲಂ ಇರಬಹುದಾ?

ಮತ್ತೆ ಮುಟ್ಟಬೇಡಿ. ಮೇನ್ ಆಫ್ ಮಾಡಿ, ಮಕ್ಕಳನ್ನು ಹಿತ್ತಲಿಗೆ ಬಿಡಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆನ್ ಮಾಡಬೇಡಿ. ನೀರೊಳಗಿನ ಲೈಟ್ 12 ವೋಲ್ಟ್‌ನದ್ದೇ ಇರಬೇಕು, ಪಂಪಿನ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರಬೇಕು, ಅರ್ಥಿಂಗ್ ಅಳೆದು ತೋರಿಸಬೇಕು. ಸೋರಿಕೆಯಲ್ಲಿ ಹಣ ಹೋಗುತ್ತದೆ, ಇದರಲ್ಲಿ ಜೀವ ಹೋಗುತ್ತದೆ.

## ಮಾತು ಮುರಿದ ಮೇಲೆ

ಕಾಂಟ್ರಾಕ್ಟರ್ ಫೋನೇ ಎತ್ತಲ್ಲ. ಮೊದಲು ಏನು ಮಾಡಲಿ?

ಫೋನ್ ಬಿಟ್ಟು ಕಾಗದಕ್ಕೆ ಬನ್ನಿ. ಮೊದಲು ಈ ಕೆಲಸಕ್ಕೆ ಸಂಬಂಧ ಇಲ್ಲದ ಒಬ್ಬ ಎಂಜಿನಿಯರ್ ಹತ್ತಿರ ವರದಿ ಬರೆಸಿ. ಏನು ಕೆಟ್ಟಿದೆ, ಯಾಕೆ, ಸರಿಮಾಡಲು ಎಷ್ಟು ಖರ್ಚು ಎಂಬ ಮೂರು ಅದರಲ್ಲಿರಲಿ. ಆಮೇಲೆ ವರದಿ, ಫೋಟೋ ಜೊತೆಗೆ ಒಂದು ಪತ್ರ. 15 ದಿನದೊಳಗೆ ಬಂದು ನೋಡಿ ಎಂದು ಬರೆಯಿರಿ. ಬೈಗುಳ ಬೇಡ, ತಾರೀಖು ಮತ್ತು ಅಂಕಿ ಸಾಕು. ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ನಮ್ಮದು ಈ ಪತ್ರಕ್ಕೇ ಮುಗಿಯಿತು. ಅವರು ಬಂದರು, ಸುತ್ತಲೂ ಕೆಳಗಿನ ಎರಡು ಸಾಲು ಟೈಲ್ಸ್ ತೆಗೆದು, ಗೆರೆಯುದ್ದಕ್ಕೂ ಕೆತ್ತಿ, ಗ್ರೌಟ್ ಇಂಜೆಕ್ಷನ್ ಮಾಡಿ ಮುಚ್ಚಿದರು. ಸಾಮಾನಿನ ಖರ್ಚು ಅವರದ್ದು, ಹೊಸ ಟೈಲ್ಸ್ ನಮ್ಮದು ಎಂದು ಒಪ್ಪಿಕೊಂಡೆವು.

ಗ್ರಾಹಕರ ಕೋರ್ಟಿಗೆ ಹೋಗಬಹುದಾ? ವಕೀಲರು ಬೇಕೇ ಬೇಕಾ?

ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಣ ಕೊಟ್ಟು ಪಡೆದ ಇಂಥ ಕೆಲಸ ಸೇವೆಯ ಲೆಕ್ಕಕ್ಕೆ ಬರುತ್ತದೆ. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, ಅದರ ಮೇಲೆ 50 ಲಕ್ಷದವರೆಗೆ 1000. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. "ನಾಳೆ ಬರ್ತೀನಿ" ಎಂಬ ಮಾತು ನಂಬಿ ಈ ಎರಡು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ, ದಯವಿಟ್ಟು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಎರಡು ಕಡೆ ಎಡವುತ್ತಾರೆ. ಕೊಳ ಹೋಂಸ್ಟೇ ಅಥವಾ ರೆಸಾರ್ಟಿಗೆ ಅಂತಾದರೆ ವ್ಯಾಪಾರದ ಉದ್ದೇಶ ಎಂದು ಎದುರು ಪಕ್ಷ ತಕರಾರು ತೆಗೆಯುತ್ತದೆ. ಕಾಂಟ್ರಾಕ್ಟ್ ಇಲ್ಲದೆ ನೀವೇ ದಿನಗೂಲಿ ಕೊಟ್ಟು ಮಾಡಿಸಿದ್ದರೂ ದೂರು ನಿಲ್ಲಿಸುವುದು ಕಷ್ಟ. ವಾಟ್ಸಾಪ್ ಮೆಸೇಜ್ ಸಾಕ್ಷಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಲಿ.

ಕರಾರಲ್ಲಿ "ತಕರಾರು ಬಂದರೆ ಬೆಂಗಳೂರಿನಲ್ಲಿ ಮಾತ್ರ, ಆರ್ಬಿಟ್ರೇಶನ್ ಮಾತ್ರ" ಅಂತ ಇದೆ. ಸಹಿ ಹಾಕಿದೀನಿ. ಮುಗೀತಾ?

ಮುಗಿದಿಲ್ಲ. ದೂರು ಕೊಡುವವರು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರ ಮುಂದೆ ತೀರ್ಮಾನ ಎಂಬ ಷರತ್ತು ಇದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ.

ಕೇಸ್ ಮುಗಿಯೋವರೆಗೆ ಸೋರೋ ಕೊಳ ಹಾಗೇ ಬಿಡಬೇಕಾ? ಬೇರೆಯವರಿಂದ ರಿಪೇರಿ ಮಾಡಿಸಿದ್ರೆ ಸಾಕ್ಷಿ ಹೋಗುತ್ತಲ್ಲ?

ಸಾಕ್ಷಿ ಹಿಡಿದಿಟ್ಟು ಆಮೇಲೆ ಮಾಡಿಸಿ. ಪರಿಶೀಲನೆಗೆ ಕಮಿಷನರನ್ನು ನೇಮಿಸಿ ಎಂದು ಆಯೋಗವನ್ನು ಕೇಳಿಕೊಳ್ಳಬಹುದು. ಅವರು ಬಂದು ನೋಡಿ ವರದಿ ಕೊಟ್ಟ ಮೇಲೆ ರಿಪೇರಿಗೆ ಕೈ ಹಾಕಿದರೆ ಒಳ್ಳೆಯದು. ಅಲ್ಲಿಯವರೆಗೆ ತಡೆಯಲಾಗದಷ್ಟು ಹಾಳಾಗುತ್ತಿದ್ದರೆ ಕಾಂಟ್ರಾಕ್ಟರಿಗೆ ತಾರೀಖು ತಿಳಿಸಿ ನೋಟಿಸ್ ಕೊಟ್ಟು, ಎಂಜಿನಿಯರ್ ಎದುರು ಒಡೆಸಿ, ಪ್ರತಿ ಹಂತದ ವಿಡಿಯೋ ಮಾಡಿ. ಒಡೆದು ತೆಗೆದ ಪೈಪಿನ ತುಂಡು, ಟೈಲ್ಸ್, ಕಾಂಕ್ರೀಟ್ ಚೂರುಗಳನ್ನು ಚೀಲದಲ್ಲಿ ಹಾಕಿ ತಾರೀಖು ಬರೆದು ಇಡಿ. ಹೊಸ ಕೆಲಸದ ಬಿಲ್ ಪೂರ್ತಿ ನಿಮ್ಮ ಹೆಸರಲ್ಲೇ ಇರಲಿ.

ಪೂರ್ತಿ ಒಡೆದು ಹೊಸದಾಗಿ ಕಟ್ಟಬೇಕು ಅಂತ ಒಬ್ಬರು, ರಿಪೇರಿ ಸಾಕು ಅಂತ ಇನ್ನೊಬ್ಬರು. ಯಾರನ್ನ ನಂಬಲಿ?

ಕಾಂಕ್ರೀಟನ್ನೇ ಕೇಳಿ. ಗೋಡೆಯಿಂದ ಉರುಳೆ ಆಕಾರದ ತುಂಡುಗಳನ್ನು ಕೊರೆದು ತೆಗೆದು ಲ್ಯಾಬಿನಲ್ಲಿ ಬಲ ನೋಡುವ ಕೋರ್ ಟೆಸ್ಟ್ ಇದೆ. ಒಡೆಯದೇ ಒಳಗಿನ ಪೊಳ್ಳು ಪತ್ತೆ ಮಾಡುವ ಅಲ್ಟ್ರಾಸಾನಿಕ್ ಪರೀಕ್ಷೆಯೂ ಇದೆ. ದಾವಣಗೆರೆಯ ಯುಬಿಡಿಟಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಕಾಂಕ್ರೀಟ್ ಬಲ ಸರಿ ಇದ್ದು ಜಾಯಿಂಟ್, ಪೈಪ್, ಟೈಲ್ಸ್ ಮಾತ್ರ ಕೆಟ್ಟಿದ್ದರೆ ಒಡೆಯುವ ಮಾತು ಬೇಡ. ಬಲವೇ ಇಲ್ಲದಿದ್ದರೆ, ಅಥವಾ ಕೊಳ ಒಂದು ಕಡೆ ವಾಲಿ ಇನ್ನೂ ಕುಸಿಯುತ್ತಿದ್ದರೆ, ರಿಪೇರಿಗೆ ಹಾಕಿದ ಹಣ ಎರಡು ಮಳೆಗಾಲವೂ ಬಾಳುವುದಿಲ್ಲ. ಹೊಸ ಕೊಳಕ್ಕೆ ಹಣ ಇಲ್ಲದಿದ್ದರೆ ಗುಂಡಿಗೆ ಗರಸು ತುಂಬಿಸಿ ಮುಚ್ಚಿಸಿ. ನನ್ನ ಪರಿಚಯದ ಒಂದು ಮನೆಯವರು ಹಾಗೇ ಮಾಡಿ ಅಲ್ಲಿ ನಿಂಬೆ ಗಿಡ ಹಾಕಿದ್ದಾರೆ. ತುಂಬಿಸುವ ಮುಂಚೆ ತಳದಲ್ಲಿ ನಾಲ್ಕಾರು ಕಡೆ ತೂತು ಕೊರೆಸಿ, ಇಲ್ಲದಿದ್ದರೆ ಮಳೆ ನೀರು ಒಳಗೇ ನಿಲ್ಲುತ್ತದೆ.